ನಡಿಗೆಯ ವೇಗಕ್ಕೊಂದು ಫ್ಯಾನ್ ಕ್ಲಚ್

ನಮ್ಮ ಮನೆಯ ಬೀಗದಕೈಗಳೆಲ್ಲ ಅಡುಗೆಮನೆ ಬಾಗಿಲ ಪಕ್ಕದ ಮರದ ಪಟ್ಟಿಯಲ್ಲಿ ನೇತಾಡುತ್ತವೆ: ಸ್ಕೂಟರಿನದು, ಟೆರೇಸಿನದು, ಯಾತ್ರೆಗೆ ಹೋದ ಪಕ್ಕದವರು ಗಿಡಕ್ಕೆ ನೀರು ಹಾಕಿ ಎಂದು ಕೊಟ್ಟುಹೋದದ್ದು. ಒಂದು ಮಾತ್ರ ಬಹಳ ಕಾಲ ಹೊರಗೆ, ವರಾಂಡದ ಕರೆಂಟ್ ಮೀಟರಿನ ಡಬ್ಬಿಯೊಳಗಿನ ಮೊಳೆಯಲ್ಲಿತ್ತು. ಅದು ನಮ್ಮ ಬಡಾವಣೆಯ ಸಂಘದ ಶವವಾಹನದ್ದು. ವ್ಯಾನು ನಿಲ್ಲುವ ಖಾಲಿ ಜಾಗ ನಮ್ಮ ಕಾಂಪೌಂಡಿಗೆ ಅಂಟಿಕೊಂಡಿರುವುದರಿಂದ ಬೀಗದಕೈ ನಮ್ಮಲ್ಲಿದ್ದರೇ ಅನುಕೂಲವೆಂದು ಎಲ್ಲರೂ ಒಪ್ಪಿದ್ದರು. ತಮ್ಮ ಮನೆಯಲ್ಲಿಟ್ಟುಕೊಳ್ಳಲು ಯಾರೂ ಒಪ್ಪದ ಕಾರಣ ಆ ಒಪ್ಪಿಗೆ ಬಲು ಬೇಗ ಬಂದಿತ್ತು. "ಇಟ್ಕೋ, ಪುಣ್ಯದ ಕೆಲ್ಸ. ಆದ್ರೆ ಅದು ಹೊಸ್ತಿಲು ದಾಟಿ ಒಳಗೆ ಬರಬಾರ್ದು" ಎಂದಿದ್ದರು ನಮ್ಮ ಅತ್ತೆ. ಅವರೇ ಹೊಸ್ತಿಲು ದಾಟಿ ಅದೇ ವ್ಯಾನಿನಲ್ಲಿ ಹೋದ ಮೇಲೂ ಅವರ ಮಾತು ಮೀಟರಿನ ಡಬ್ಬಿಯಲ್ಲಿ ತೂಗುತ್ತಲೇ ಇತ್ತು.

ಆ ವ್ಯಾನಿಗೆ ಫ್ಯಾನ್ ಕ್ಲಚ್ ಆರಿಸುವ ಕೆಲಸ ಕಳೆದ ಬೇಸಿಗೆಯಲ್ಲಿ ನನ್ನ ಪಾಲಿಗೆ ಬಂತು ಎಂದರೆ ನೀವು ನಗಬಹುದು. ಹುಳಿಗೆ ನುಗ್ಗೇಕಾಯಿ ಆರಿಸುವುದರಲ್ಲಿ ನನಗೆ ತಕ್ಕಮಟ್ಟಿನ ಹೆಸರುಂಟೇ ಹೊರತು ಇಂಜಿನ್ನಿನ ವಿಷಯದಲ್ಲಿ ನಾನು ಬಾನೆಟ್ಟಿನಿಂದಾಚೆ ನೋಡಿದವಳಲ್ಲ. ಆದರೆ ಬೀಗದಕೈ ಯಾರಲ್ಲಿರುತ್ತದೋ ರಿಪೇರಿಯೂ ಅವರದೇ ಎಂಬ ಅಲಿಖಿತ ನಿಯಮವೊಂದು ನಮ್ಮ ಸಂಘದಲ್ಲಿದೆ.

ಬನಶಂಕರಿಯ ನಮ್ಮ ರಸ್ತೆಯಿಂದ ಚಿತಾಗಾರಕ್ಕೆ ದೂರ ಹೆಚ್ಚಿಲ್ಲ. ಆದರೆ ಈ ವಾಹನದ ಪಯಣದ ರೀತಿಯೇ ಬೇರೆ. ಮನೆಬಾಗಿಲಿನಿಂದ ದೊಡ್ಡ ರಸ್ತೆಯ ತಿರುವಿನವರೆಗೆ ಮನೆಯವರೊಬ್ಬರು ಬೆಂಕಿಯ ಮಡಕೆ ಹಿಡಿದು ಬರಿಗಾಲಲ್ಲಿ ಮುಂದೆ ನಡೆಯುತ್ತಾರೆ, ವ್ಯಾನು ಅವರ ಹೆಜ್ಜೆಗೆ ಹೆಜ್ಜೆ ಕೂಡಿಸುತ್ತ ಹಿಂದೆ ಬರಬೇಕು. ಓಡುವ ಗಾಡಿಗೆ ಎದುರುಗಾಳಿ ತಾನಾಗಿ ಸಿಗುತ್ತದೆ, ಇಂಜಿನ್ನು ತಣ್ಣಗಿರುತ್ತದೆ. ನಡೆಯುವ ಗಾಡಿಗೆ ಆ ಭಾಗ್ಯವಿಲ್ಲ, ಅದು ತನ್ನ ಫ್ಯಾನನ್ನೇ ನಂಬಬೇಕು. ನಾವೂ ಹಾಗೆಯೇ ಅಲ್ಲವೇ? ಓಡಾಡಿಕೊಂಡಿರುವಷ್ಟು ದಿನ ತಣ್ಣಗಿರುತ್ತೇವೆ, ನಿಂತ ದಿನ ಕುದಿಯುತ್ತೇವೆ.

ನಮ್ಮ ವ್ಯಾನು ಕುದಿಯತೊಡಗಿದ್ದನ್ನು ಮೊದಲು ಕಂಡುಕೊಂಡವನು ಡ್ರೈವರ್ ನಂಜುಂಡ. ಗೊಟ್ಟಿಗೆರೆಯವನು, ಅಪ್ಪನ ಕಾಲದ ಹೊಲ ಬಡಾವಣೆಯಾಗಿ, ಈಗ ಹಲವು ಬಾಡಿಗೆಮನೆಗಳ ಯಜಮಾನ. ಈ ವ್ಯಾನು ಓಡಿಸುವುದು ಸೇವೆಗೆ. "ಬಾಡಿಗೆ ಕೇಳಕ್ಕೆ ಹೋದ್ರೆ ಬೈಸ್ಕೋತೀನಿ ಅಕ್ಕಾ, ಇಲ್ಲಿ ಹಿಂದೆ ಮಲಗಿರೋರು ಏನೂ ಅನ್ನಲ್ಲ" ಎನ್ನುವುದು ಅವನ ಹಳೆಯ ಹಾಸ್ಯ. ಮೇಲಿನ ಮನೆಯ ರಘುವಿನ ತಂದೆ ತೀರಿಕೊಂಡ ದಿನ ವ್ಯಾನಿನ ಉಷ್ಣತೆಯ ಮುಳ್ಳು ಕೆಂಪಿಗೆ ಏರಿತು. ನಡುರಸ್ತೆಯಲ್ಲಿ ಹೊಗೆಯೆದ್ದರೆ ಆ ಮನೆಯವರ ಗತಿಯೇನೆಂದು ನಂಜುಂಡ ತನಗೆ ತಿಳಿದ ಉಪಾಯವೊಂದನ್ನು ಮಾಡಿದ: ಚಳಿಗೆಂದು ಇರುವ ಹೀಟರನ್ನು ಪೂರ್ತಿ ತಿರುಗಿಸಿದ. ಹಾಗೆ ಮಾಡಿದರೆ ಇಂಜಿನ್ನಿನ ಬಿಸಿಯಲ್ಲಿ ಒಂದಿಷ್ಟು ಕ್ಯಾಬಿನ್ನಿನೊಳಗೆ ಹರಿದು ಹೋಗುತ್ತದಂತೆ. ವ್ಯಾನು ಸಿಗ್ನಲ್ಲುಗಳನ್ನೆಲ್ಲ ದಾಟಿ ಹೇಗೋ ತಲುಪಿತು.

ವೈಕುಂಠ ಸಮಾರಾಧನೆಯ ದಿನ ಊಟಕ್ಕೆ ಕೂತಾಗ ರಘು ನನ್ನ ಹತ್ತಿರ ಮೆಲ್ಲಗೆ ಹೇಳಿದ: "ಆವತ್ತು ಗಾಡಿ ಹತ್ತಿದ ಮೇಲೆ ಕಾಲು ಉರಿದುಹೋಗ್ತಿತ್ತು ಆಂಟಿ. ಬೆಂಕಿ ಹಿಡ್ಕೊಂಡು ನಡೆದೋರಿಗೆಲ್ಲ ಹೀಗೇ ಆಗುತ್ತೇನೋ, ಕೇಳಬಾರ್ದೇನೋ ಅಂತ ಸುಮ್ಮನಿದ್ದೆ."

ಪಕ್ಕದ ಸಾಲಿಗೆ ಮಜ್ಜಿಗೆ ಬಡಿಸುತ್ತಿದ್ದ ನಂಜುಂಡನ ಸೌಟು ಹಾಗೇ ನಿಂತಿತು. ಆಮೇಲೆ ಅವನು ಬಂದು ರಘುವಿನ ಎಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅದು ಹೀಟರ್ರು ಕಣಪ್ಪಾ, ನಾನೇ ಹಾಕಿದ್ದು" ಎಂದ. ರಘು ಒಂದು ಗಳಿಗೆ ಅವನ ಮುಖ ನೋಡಿ ನಕ್ಕುಬಿಟ್ಟ. ತಂದೆ ಹೋದ ಮೇಲೆ ಆ ಹುಡುಗ ನಕ್ಕದ್ದು ಅದೇ ಮೊದಲೆಂದು ಅವನ ತಾಯಿ ಹೇಳಿದರು. ನಂಜುಂಡ ನಗಲಿಲ್ಲ. "ಇನ್ನೊಬ್ಬರ ಮನೆಯೋರನ್ನ ಹಂಗೆ ಕೂರ್ಸಲ್ಲ ಅಕ್ಕಾ. ಸರಿ ಆಗೋ ತನಕ ನಾನು ಓಡ್ಸಲ್ಲ" ಎಂದು ಬೀಗದಕೈಯನ್ನು ನನ್ನ ಅಂಗೈಯಲ್ಲಿಟ್ಟ.

ಬೊಮ್ಮನಹಳ್ಳಿಯಲ್ಲಿ ಗ್ಯಾರೇಜು ಇಟ್ಟಿರುವ ಇಲಿಯಾಸ್ ಬಂದು ನೋಡಿ, ಫ್ಯಾನಿನ ನಡುವಿರುವ ಕಡುಬಿನ ಗಾತ್ರದ ಗುಂಡನೆಯ ಲೋಹದ ಮೇಲೆ ಬೆರಳಾಡಿಸಿ ತೋರಿಸಿದ. ಎಣ್ಣೆ ಒಸರಿ ಧೂಳು ಮೆತ್ತಿಕೊಂಡಿತ್ತು. ಅದೇ ಫ್ಯಾನ್ ಕ್ಲಚ್ಚು. ಅದರೊಳಗೆ ಜೇನಿನಷ್ಟು ಮಂದವಾದ ಎಣ್ಣೆ. ಮುಖದ ಮೇಲೆ ಚಕ್ಕುಲಿಯಂತೆ ಸುತ್ತಿದ ಪುಟ್ಟ ಪಟ್ಟಿ. ಬಿಸಿಗಾಳಿ ತಾಗಿದರೆ ಪಟ್ಟಿ ಅರಳುತ್ತದೆ, ಎಣ್ಣೆ ಒಳಗೆ ಹರಿದು ಫ್ಯಾನನ್ನು ಇಂಜಿನ್ನಿನ ಜೊತೆ ಹಿಡಿದುಕೊಳ್ಳುತ್ತದೆ, ತಣ್ಣಗಾದರೆ ಬಿಡುತ್ತದೆ. ನಮ್ಮದರಲ್ಲಿ ಎಣ್ಣೆ ಹೋಗಿ ಹಿಡಿತವೇ ಇಲ್ಲದಾಗಿತ್ತು. "ಯಾಕೆ ಮೇಡಂ ತಲೆನೋವು? ಬೋಲ್ಟ್ ಹೊಡೆದು ಫ್ಯಾನನ್ನ ಬಿಗಿದುಬಿಡ್ತೀನಿ. ಯಾವಾಗ್ಲೂ ತಿರುಗ್ತಿರುತ್ತೆ, ಕೆಡೋ ಮಾತೇ ಇಲ್ಲ" ಎಂದು ಅಲ್ಲೇ ಬಿಗಿದು ಸ್ಟಾರ್ಟ್ ಮಾಡಿದ.

ರಸ್ತೆಗೆ ರಸ್ತೆಯೇ ನಡುಗುವಂಥ ಸದ್ದು. ಹೊಂಗೆಮರದ ಗಿಳಿಗಳು ಎದ್ದು ಹೋದವು. ಎದುರುಮನೆಯ ಗೇಟು ತೆರೆದು ಸೀತಕ್ಕ ಬಂದರು.

ಸೀತಕ್ಕ ಮಗಳು-ಅಳಿಯನ ಜೊತೆ ಇರುವ, ಎಂಬತ್ತು ದಾಟಿದ ಹಿರಿಯರು. ಹೃದಯ ಸೋತಿದೆ, ಹೆಚ್ಚು ದಿನ ಭರವಸೆ ಕೊಡಲಾರೆ ಎಂದು ಡಾಕ್ಟರು ಮಗಳಿಗೆ ಗುಟ್ಟಾಗಿ ಹೇಳಿದ್ದನ್ನು ಇವರು ಪರದೆಯ ಹಿಂದೆ ಕೇಳಿಸಿಕೊಂಡು ನಮಗೆಲ್ಲ ಹೇಳಿದ್ದರು.

"ಯಾರ ಮನೆ ರಾಗಿ ಬೀಸ್ತಿದೀರೋ?" ಎಂದರು. ಇಲಿಯಾಸ್ ಇಂಜಿನ್ನು ನಿಲ್ಲಿಸಿದ. "ಇನ್ಮೇಲೆ ಹೀಗೇನಾ ಇದು?"

"ಗ್ಯಾರಂಟಿ ಅಮ್ಮಾ, ಎಂದೂ ಕೆಡಲ್ಲ."

"ನೋಡಪ್ಪಾ, ಮುಂದಿನ ಸವಾರಿ ನಂದೇ. ಹೋಗೋಳು ನಾನು, ಒಂದು ಮಾತು ಕೇಳ್ಬಾರ್ದಾ? ಮಿಕ್ಸಿ, ಕುಕ್ಕರು, ಮೇಲಿನ ಮನೆಯೋರು ಗೋಡೆ ಕೊರೆಯೋದು, ಮೆಟ್ರೋದೋರು ರಸ್ತೆ ಅಗೆಯೋದು, ಜನ್ಮವೆಲ್ಲ ಸದ್ದೇ ಆಯ್ತು. ಈ ಹೊಂಗೆಮರದ ಕೆಳಗೆ, ತರಕಾರಿ ಗಾಡಿ ಮುಂದೆ, ಮೆತ್ತಗೆ ಹೋಗ್ಬೇಕು ನಾನು. ನನ್ನ ಮಗಳು ಮುಂದೆ ನಡೀತಾಳೆ. ಅವಳು ಅತ್ತರೆ ಅದಾದ್ರೂ ನನಗೆ ಕೇಳ್ಬೇಕೋ ಬೇಡ್ವೋ?"

ಇಲಿಯಾಸ್ ಸ್ಪ್ಯಾನರು ತೆಗೆದುಕೊಂಡು ಬೋಲ್ಟುಗಳನ್ನು ಬಿಚ್ಚತೊಡಗಿದ.

ಹೀಗೆ ನಾನೂ ಇಲಿಯಾಸನೂ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯೊಂದರ ಮುಂದೆ ನಿಂತೆವು. ಹಳೆಯದನ್ನು ಚೀಲದಲ್ಲಿ ಒಯ್ದಿದ್ದೆವು, ರವಿಕೆಗೆ ಅಳತೆಯ ರವಿಕೆ ಒಯ್ಯುವಂತೆ. ಅಂಗಡಿಯವರು ಮೂರನ್ನು ಮೇಜಿನ ಮೇಲೆ ಇಟ್ಟರು. ನೋಡಲು ಮೂರೂ ಒಂದೇ ಬಸಿರಿನವು. ಮೊದಲನೆಯದು ಗುಜರಿ ಗಾಡಿಯಿಂದ ಬಿಚ್ಚಿ ತೊಳೆದದ್ದು. ಕೈಯಲ್ಲಿ ತಿರುವಿದರೆ ಎದುರಾಡದೆ ಗಿರಗಿರನೆ ತಿರುಗುತ್ತಲೇ ಹೋಯಿತು. ಎರಡನೆಯದು ಹೊಳೆಯುವ ಹೊಸ ನಕಲು. ಇಲಿಯಾಸ್ ಹಳೆಯದರ ಪಕ್ಕ ನಿಲ್ಲಿಸಿ ನೋಡಿ, ಬೆರಳಿನಷ್ಟು ಎತ್ತರ ಹೆಚ್ಚಿದೆ, ಫ್ಯಾನಿನ ರೆಕ್ಕೆ ರೇಡಿಯೇಟರಿಗೆ ಬಡಿಯುತ್ತದೆ ಎಂದ. ಮೂರನೆಯದರ ಅಳತೆ ಕೂಡಿತು. ನಾನು ತಿರುವಿದೆ. ಅದು ಒಂದು ಸುತ್ತಿಗೂ ಕಡಿಮೆ ಹೋಗಿ, ತಡೆದು, ಮೆಲ್ಲಗೆ ನಿಂತಿತು. ಆ ತಡೆ ನನ್ನ ಕೈಗೆ ಪರಿಚಯದ್ದೇ: ಹಲ್ವಾ ತಳ ಬಿಡುವ ಸ್ವಲ್ಪ ಮೊದಲು ಸೌಟನ್ನು ಹಿಡಿದುಕೊಳ್ಳುತ್ತದಲ್ಲ, ಅಂಥದು. "ಇದೇ ಇರ್ಲಿ" ಎಂದೆ. "ಮಲಗಿಸ್ಬೇಡಿ ಮೇಡಂ, ಎಣ್ಣೆ ಸೋರುತ್ತೆ, ನಿಲ್ಲಿಸ್ಕೊಂಡೇ ಹೋಗಿ" ಎಂದರು ಅಂಗಡಿಯವರು. ಆಟೋದಲ್ಲಿ ಅದನ್ನು ತೊಡೆಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಪ್ರತಿ ಹಳ್ಳಕ್ಕೂ ಎರಡೂ ಕೈಯಲ್ಲಿ ಆತು ಹಿಡಿದು ತಂದೆ, ಕಲಶ ತರುವವಳಂತೆ.

ದಾರಿಯುದ್ದಕ್ಕೂ ನನಗೆ ಸಾವಿನ ಮನೆಗಳೇ ನೆನಪಾದವು. ಅಲ್ಲಿ ಬೋಲ್ಟು ಹೊಡೆದು ಬಿಗಿದಂಥ ನೆಂಟರಿರುತ್ತಾರೆ. ಬಂದ ಗಳಿಗೆಯಿಂದ ಅವರ ಕಾಳಜಿಯ ಭೋರ್ಗರೆತದಲ್ಲಿ ಅಳುವವರಿಗೇ ಅಳಲು ಎಡೆಯಿಲ್ಲ. ಎಣ್ಣೆ ಸೋರಿದಂಥವರೂ ಇರುತ್ತಾರೆ. ಗಿರಗಿರನೆ ಸುತ್ತುತ್ತಾರೆ, ಯಾವುದಕ್ಕೂ ಸಿಕ್ಕುವುದಿಲ್ಲ. ಇವರ ನಡುವೆ ಬೇರೆ ದಿನ ಯಾರ ಕಣ್ಣಿಗೂ ಬೀಳದ ಒಬ್ಬರು ಆ ದಿನ ಪಕ್ಕದ ಮನೆಯ ಒಲೆಯಲ್ಲಿ ಕಾಫಿ ಕಾಯಿಸಿ ತರುತ್ತಾರೆ, ಬೆಂಕಿಪೆಟ್ಟಿಗೆ ಎಲ್ಲಿದೆಯೆಂದು ಅವರಿಗೆ ಗೊತ್ತಿರುತ್ತದೆ, ಕುಸಿಯುವವರ ರಟ್ಟೆಯನ್ನು ಸರಿಯಾದ ಗಳಿಗೆಯಲ್ಲಿ ಹಿಡಿಯುತ್ತಾರೆ. ಕರ್ಮಗಳೆಲ್ಲ ಮುಗಿದು ಮನೆ ತಣ್ಣಗಾದ ಮೇಲೆ, ಹೇಳದೆ ಕೇಳದೆ ಕೈಬಿಟ್ಟು ತಮ್ಮ ಮನೆಗೆ ಹೋಗಿ ಬೇಳೆಗೆ ಇಡುತ್ತಾರೆ. ಹಿಡಿಯುವುದನ್ನು ನಾವು ಪ್ರೀತಿ ಎನ್ನುತ್ತೇವೆ. ಹಾಗೆ ಬಿಟ್ಟು ಹೋಗುವುದಕ್ಕೆ ಹೆಸರಿಡಲು ಯಾಕೋ ಮರೆತಿದ್ದೇವೆ.

ಹೊಸದನ್ನು ಕೂರಿಸಿದ ಮೇಲೆ ಇಲಿಯಾಸ್, ನಡಿಗೆಯ ವೇಗದಲ್ಲೇ ಓಡಿಸಿ ನೋಡಬೇಕು ಎಂದ. ನಂಜುಂಡ ಹತ್ತಿ ಕೂತ. ಪಕ್ಕದ ಬಾಗಿಲು ತೆರೆದು, ನಾವು ಬೇಡವೆನ್ನುವಷ್ಟರಲ್ಲಿ, ಸೀತಕ್ಕ ಮಗಳ ಹೆಗಲು ಹಿಡಿದು ಮುಂದಿನ ಸೀಟು ಹತ್ತಿದರು. ಮಗಳು ಉಷಾ ಅಳಬೇಕೋ ಬೈಯಬೇಕೋ ತಿಳಿಯದೆ, "ಏನಮ್ಮಾ ಇದೆಲ್ಲ?" ಎಂದಳು.

"ಸೀರೆ ತೊಗೊಳೋವಾಗ ಮೈಮೇಲೆ ಹಾಕಿ ನೋಡಲ್ವಾ? ನೀನು ಮುಂದೆ ನಡಿ. ಗಾಡಿಗೆ ನಿನ್ನ ಹೆಜ್ಜೆ ಗೊತ್ತಾಗ್ಲಿ."

ಉಷಾಳ ಕಾಲು ಮುಂದೆ ಬರಲಿಲ್ಲ. ನಾನು ಚಪ್ಪಲಿ ಬಿಟ್ಟು ಅವಳ ಕೈ ಹಿಡಿದೆ. ಇಬ್ಬರೂ ಮಟಮಟ ಮಧ್ಯಾಹ್ನದಲ್ಲಿ, ಹೊಂಗೆಯ ನೆರಳು ಹುಡುಕುತ್ತ ನಡೆದೆವು, ಹಿಂದೆ ವ್ಯಾನು. ಮನೆಗಳಿಂದ ಜನ ಗೇಟಿಗೆ ಬಂದು ಅಭ್ಯಾಸಬಲದಿಂದ ಕೈಮುಗಿದು, ಮುಂದಿನ ಸೀಟಿನಲ್ಲಿ ಸೀತಕ್ಕ ತಿರುಗಿ ಕೈಮುಗಿಯುವುದನ್ನು ಕಂಡು ದಿಗಿಲುಬಿದ್ದರು. ತರಕಾರಿಯವಳು ಗಾಡಿ ಸರಿಸಿ, "ಎಲ್ಲಿಗಜ್ಜಿ?" ಎಂದಳು. "ಇವತ್ತು ಬರೀ ತಿರುವಿನ ತನಕ" ಎಂದರು ಸೀತಕ್ಕ. ಉಷಾ ಇನ್ನೊಂದು ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ನಾನು ತಿರುಗಿ ನೋಡಲಿಲ್ಲ. ತಿರುವು ಹತ್ತಿರವಾದಾಗ ಬೆನ್ನ ಹಿಂದೆ ಇಂಜಿನ್ನು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡಿತು.

"ಅದೇನೋ ಸದ್ದು?" ಸೀತಕ್ಕನ ದನಿ.

"ಫ್ಯಾನು ಹಿಡ್ಕೊಂತು ಅಮ್ಮಾ. ಬಿಸಿ ಆಗಿತ್ತಲ್ಲ. ಈಗ ಬಿಡುತ್ತೆ ನೋಡಿ" ಎಂದ ನಂಜುಂಡ.

ಇನ್ನೊಂದಿಷ್ಟು ಹೆಜ್ಜೆಗಳಲ್ಲಿ ಅದು ಬಿಟ್ಟಿತು. ಆ ಮೌನದಲ್ಲಿ ಉಷಾ ಮೂಗು ಒರೆಸಿಕೊಂಡದ್ದು ಸ್ಪಷ್ಟವಾಗಿ ಕೇಳಿಸಿತು. "ಕೇಳಿಸ್ತು ಕಣೇ" ಎಂದರು ಹಿಂದಿನಿಂದ ಸೀತಕ್ಕ, ಮಗುವನ್ನು ತಟ್ಟುವ ದನಿಯಲ್ಲಿ. "ಸಾಕು. ಇದು ಸರಿಯಾಗಿದೆ."

ವ್ಯಾನು ಹಿಂತಿರುಗಿದಾಗ ನಮ್ಮ ಗೇಟಿನ ಮುಂದೆ ಇಳಿದ ಸೀತಕ್ಕನ ಕೈಯಲ್ಲಿ ಅದರ ಬೀಗದಕೈ ಇತ್ತು. ಎಲ್ಲಿ ಹಾಕಬೇಕೆಂದು ಕೇಳಿದರು. ನಾನು ಮೀಟರಿನ ಡಬ್ಬಿ ತೋರಿಸಿದೆ. "ಅಲ್ಲಿ ಹಲ್ಲಿ ಮೊಟ್ಟೆ ಇಡುತ್ತೆ" ಎಂದು ಅವರು ಸೀದಾ ಹೊಸ್ತಿಲು ದಾಟಿ ಬಂದು, ಟೆರೇಸಿನ ಬೀಗದಕೈ ಪಕ್ಕದ ಖಾಲಿ ಕೊಕ್ಕೆಗೆ ಅದನ್ನು ಸಿಕ್ಕಿಸಿ, ಕಾಫಿಗೆ ಸಕ್ಕರೆ ಕಡಿಮೆ ಹಾಕು ಎಂದರು.

ಸೀತಕ್ಕ ಇನ್ನೂ ಎರಡನೆಯ ಸವಾರಿಗೆ ಬಂದಿಲ್ಲ. ನಂಜುಂಡ ಮತ್ತೆ ವ್ಯಾನು ಓಡಿಸುತ್ತಿದ್ದಾನೆ, ಹೀಟರಿನ ಗುಂಡಿಯನ್ನು ಕಿತ್ತೇಬಿಟ್ಟಿದ್ದಾನೆ. ಬೆಳಿಗ್ಗೆ ಬಟ್ಟೆ ಒಣಹಾಕಲು ಟೆರೇಸಿನ ಬೀಗದಕೈಗೆ ಕೈಚಾಚಿದಾಗಲೆಲ್ಲ ನನ್ನ ಬೆರಳು ಪಕ್ಕದ ಅದಕ್ಕೂ ತಾಗುತ್ತದೆ, ಅದು ತೂಗಾಡತೊಡಗುತ್ತದೆ. ನಾನು ಒಂದು ಗಳಿಗೆ ಅದನ್ನು ಹಿಡಿದು ನಿಲ್ಲಿಸುತ್ತೇನೆ. ಆಮೇಲೆ ಬಿಟ್ಟು, ಮೆಟ್ಟಿಲು ಹತ್ತುತ್ತೇನೆ.