ಎಂಬತ್ತೇಳಕ್ಕೆ ಒಂದು ಗೇಟ್ ಮನೆ

ಇವತ್ತು ಬೆಳಿಗ್ಗೆ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಚ್ಚಿದ ಕೂಡಲೇ ನಡುಮನೆಯಿಂದ ನಮ್ಮ ಯಜಮಾನರು, "ಏನೋ ಸೀದ ವಾಸನೆ ಬರ್ತಿದೆಯಲ್ಲೇ, ಒಲೆ ಮೇಲೆ ಏನಿಟ್ಟಿದ್ದೀಯಾ?" ಎಂದು ಕೇಳಿದರು. ಒಲೆಯ ಮೇಲೆ ಏನೂ ಇರಲಿಲ್ಲ. ಅದು ಲೇಸರ್ ಯಂತ್ರದಲ್ಲಿ ಕತ್ತರಿಸಿದ ತೆಳು ಪ್ಲೈವುಡ್ಡಿನ ವಾಸನೆ. ಆ ಯಂತ್ರಕ್ಕೆ ಗರಗಸವಿಲ್ಲ. ಬೆಳಕಿನ ಒಂದು ಎಳೆ ಮರವನ್ನು ಸುಡುತ್ತಲೇ ಕತ್ತರಿಸಿಕೊಂಡು ಹೋಗುತ್ತದೆ. ಹಾಗಾಗಿ ಪ್ರತಿ ತುಂಡಿನ ಅಂಚೂ ಕಂದು ಬಣ್ಣಕ್ಕೆ ತಿರುಗಿ, ಸೌದೆ ಒಲೆ ಆರಿಸಿದ ಮೇಲೆ ಅಡುಗೆಮನೆಯಲ್ಲಿ ಉಳಿಯುತ್ತದಲ್ಲ, ಅಂಥ ವಾಸನೆ ಬರುತ್ತದೆ. ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರದಲ್ಲಿ "ತಪ್ಪು ಅಳತೆ. ಮಿಸ್ ಹೇಳಿದ್ದಕ್ಕೆ ಮಾಡಿದ್ದು" ಎಂದು ಬರೆದಿದೆ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವಳ ಮನೆಗೆ ಇಂಥ ಪೆಟ್ಟಿಗೆ ಬರುವುದು ಮರ್ಯಾದೆಯ ವಿಷಯವಲ್ಲ. ಆದರೂ ನಾನೇ ಕೇಳಿ ತರಿಸಿಕೊಂಡೆ. ಯಾಕೆಂದು ಹೇಳಬೇಕಾದರೆ ಇಮ್ತಿಯಾಜನಿಂದ ಶುರು ಮಾಡಬೇಕು.

ಇಮ್ತಿಯಾಜ್ ನನ್ನ ಹಳೆಯ ವಿದ್ಯಾರ್ಥಿ. ಅನುಪಾತದ ಲೆಕ್ಕ ಬಂದ ದಿನವೆಲ್ಲ ಅವನಿಗೆ ಹೊಟ್ಟೆನೋವೂ ಬರುತ್ತಿತ್ತು. "ಈ ಜನ್ಮದಲ್ಲಿ ನಿನಗೆ ಅನುಪಾತ ಹತ್ತಲ್ಲ ಬಿಡಪ್ಪಾ" ಎಂದು ಒಮ್ಮೆ ಇಡೀ ತರಗತಿಯ ಮುಂದೆ ಅಂದಿದ್ದೆ. ಈಗ ಅವನ ಗಡ್ಡದಲ್ಲಿ ಬಿಳಿ ಕೂದಲು ಇಣುಕುತ್ತಿದೆ. ದೇವನಹಳ್ಳಿಯ ಕೋಟೆ ಪಕ್ಕದಲ್ಲಿ ಲೇಸರ್ ಕಟಿಂಗ್ ಅಂಗಡಿ ಇಟ್ಟಿದ್ದಾನೆ. ನಿವೃತ್ತಿಯಾದ ಮೇಲೆ ಮನೆಗೊಂದು ಹೆಸರಿನ ಫಲಕ ಮಾಡಿಸಲು ಹೋದ ನಾನು, ಅವನ ಮೇಜಿನ ಮೇಲೆ ಅಂಗೈಯಲ್ಲಿ ಹಿಡಿಯುವಷ್ಟಿದ್ದ ಮರದ ರೈಲ್ವೆ ಸ್ಟೇಷನ್ ನೋಡಿ, ಬಂದ ಕೆಲಸವನ್ನೇ ಮರೆತುಬಿಟ್ಟೆ.

"ಇದು ಕಿಟ್ಟು ಮಿಸ್" ಅಂದ. "ಮನೇಲಿ ಮೇಜಿನ ಮೇಲೆ ಹಳಿ ಹಾಸ್ಕೊಂಡು ಪುಟಾಣಿ ರೈಲು ಓಡಿಸೋರು ಇದಾರೆ, ಎಲ್ಲಾ ದೊಡ್ಡೋರೇ. ಹಳಿ ಪಕ್ಕ ಸ್ಟೇಷನ್ನು, ಗೋಡೌನು, ಸಿಗ್ನಲ್ ಕ್ಯಾಬಿನ್ನು ಬೇಕಲ್ಲ, ಅದನ್ನ ನಾನು ತುಂಡು ತುಂಡಾಗಿ ಕಟ್ ಮಾಡ್ಕೊಡ್ತೀನಿ, ಅವರು ಅಂಟಿಸ್ಕೋತಾರೆ. ನಿಜವಾದ್ದು ಎಂಬತ್ತೇಳು ಅಡಿ ಇದ್ರೆ ಇದು ಒಂದು ಅಡಿ." ನನ್ನ ಮುಖ ನೋಡುತ್ತಾ, "ಅನುಪಾತ, ಮಿಸ್" ಎಂದು ಸೇರಿಸಿದ. ನಾನು ನಕ್ಕೆ. ಅವನು ಮಾತ್ರ ನಗಲಿಲ್ಲ.

ಅಲ್ಲೇ ನಿಂತು, "ಇಮ್ತಿಯಾಜ್, ಒಂದು ಗೇಟ್ ಮನೆ ಮಾಡ್ಕೊಡ್ತೀಯಾ?" ಎಂದು ಕೇಳಿದೆ. ಆ ಮಾತು ಎಲ್ಲಿಂದ ಬಂತೋ ಗೊತ್ತಿಲ್ಲ. ನಮ್ಮಪ್ಪ ರೈಲ್ವೆ ಗೇಟ್ ಕಾಯುವ ಕೆಲಸದಲ್ಲಿದ್ದ. ದೇವನಹಳ್ಳಿಯಿಂದಾಚೆ ರೈಲು ಹಳಿಯನ್ನು ಒಂದು ಗಾಡಿ ದಾರಿ ದಾಟುತ್ತಿದ್ದ ಕಡೆ ಗೇಟು, ಗೇಟಿನ ಪಕ್ಕದಲ್ಲೇ ರೈಲ್ವೆಯವರು ಕೊಟ್ಟ ಕಲ್ಲಿನ ಮನೆ. ನಾನು ಹುಟ್ಟಿದ್ದು ಅಲ್ಲಿ. ಅಪ್ಪ, ಅಮ್ಮ, ಅಜ್ಜಿ, ಅಣ್ಣ, ನಾನು, ಐದು ಜನ. ನನಗೆ ಒಂಬತ್ತು ವರ್ಷವಾದಾಗ ಅಪ್ಪ ಜ್ವರ ಬಂದು ತೀರಿಕೊಂಡ. ಮನೆ ಬಿಟ್ಟುಕೊಟ್ಟು ಸಮೇತನಹಳ್ಳಿಯ ಮಾವನ ಮನೆಗೆ ಹೋದೆವು. ಈಗ ಆ ಜಾಗದಲ್ಲಿ ರಸ್ತೆ ಹಳಿಯ ಕೆಳಗೇ ನುಸುಳಿ ಹೋಗುತ್ತದೆ. ಗೇಟೂ ಇಲ್ಲ, ಮನೆಯೂ ಇಲ್ಲ. ಒಂದು ಫೋಟೋ ಸಹ ಇಲ್ಲ. ಇತ್ತೀಚೆಗೆ ಅಪ್ಪನ ಮುಖ ನೆನೆದುಕೊಂಡರೆ ಮೀಸೆಯೊಂದೇ ಕಾಣುತ್ತದೆ, ಉಳಿದದ್ದು ಮಸುಕು. ಮುಖ ಕೈತಪ್ಪಿ ಹೋಗುತ್ತಿದೆ, ಮನೆಯನ್ನಾದರೂ ಹಿಡಿದಿಟ್ಟುಕೊಳ್ಳೋಣ ಎಂಬ ಆಸೆ ನನಗೆ. ಅದೂ ಹೋದರೆ ಅಪ್ಪನದೆಂದು ನನ್ನ ಬಳಿ ಏನೂ ಉಳಿಯುವುದಿಲ್ಲ.

ಅಪ್ಪನ ಬಗ್ಗೆ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಿದ್ದ ಮಾತು ಒಂದೇ: ಅವನಿಗೆ ಚಳಿ ಆಗುತ್ತಿರಲಿಲ್ಲ. ಮಳೆ ಇರಲಿ, ಧನುರ್ಮಾಸದ ಚಳಿ ಇರಲಿ, ಮನೆಯ ಮುಂದಿನ ಕಲ್ಲು ಬೆಂಚಿನ ಮೇಲೆ ಕಂಬಳಿ ಹೊದ್ದು ಮಲಗುತ್ತಿದ್ದ. "ಒಳಗೆ ಬಾರೋ ಮಗಾ" ಎಂದು ಅಜ್ಜಿ ಕರೆದರೆ, "ಒಳಗೆ ಸೆಕೆ ಕಣವ್ವ" ಅನ್ನುತ್ತಿದ್ದ. ನನಗೆ ಅದು ದೊಡ್ಡ ಹೆಮ್ಮೆ. ಅದೇ ರಕ್ತ ನನ್ನಲ್ಲೂ ಇದೆ ಎಂದು ಮದುವೆಯಾದ ಮೊದಲ ವಾರವೇ ಕೋಣೆಯ ಕಿಟಕಿಗಳನ್ನೆಲ್ಲ ತೆರೆದಿಟ್ಟೆ. ಯಜಮಾನರು ಪಾಪ, ಸೊಂಡೆಕೊಪ್ಪದ ಬೆಚ್ಚಗಿನ ಹೆಂಚಿನ ಮನೆಯಲ್ಲಿ ಬೆಳೆದವರು. ಅಂದಿನಿಂದ ಮಫ್ಲರ್ ಕಟ್ಟಿಕೊಂಡೇ ಮಲಗಿದ್ದಾರೆ. ಕೇಳಿದರೆ, "ನಮ್ಮ ವಂಶಕ್ಕೆ ಗಾಳಿ ಬೇಕು ಕಣ್ರೀ" ಅನ್ನುತ್ತಿದ್ದೆ. ನಿಜ ಹೇಳಲಾ, ನನಗೂ ಚಳಿಯಾಗುತ್ತಿತ್ತು.

ಸರಿ, ಗೇಟ್ ಮನೆಯ ನಕ್ಷೆ ಬರೆದೆ. ಗಣಿತದ ಮೇಷ್ಟ್ರು ತಾನೇ, ಗ್ರಾಫ್ ಹಾಳೆಯ ಮೇಲೆ ಚೂಪು ಪೆನ್ಸಿಲಿನಲ್ಲಿ. ಒಂದೇ ಕೋಣೆಯ ಮನೆ, ಉದ್ದ ಇಪ್ಪತ್ತನಾಲ್ಕು ಅಡಿ, ಅಗಲ ಇಪ್ಪತ್ತು. ಹೊಸ್ತಿಲು ದಾಟಲು ಕಾಲು ಎತ್ತಿ ಹಾಕಬೇಕಿತ್ತು, ಬಾಗಿಲಿನ ಎತ್ತರ ಹದಿನಾಲ್ಕಾದರೂ ಇದ್ದೇ ಇತ್ತು. ಇಮ್ತಿಯಾಜ್ ಹಾಳೆಯನ್ನು ಬಹಳ ಹೊತ್ತು ನೋಡಿದ. "ಇಷ್ಟೇನಾ ಮಿಸ್?" ಅಂದ. "ಇಷ್ಟೇ. ಯಾಕೆ?" ಅಂದೆ. "ಏನಿಲ್ಲ ಮಿಸ್" ಎಂದು ಹಾಳೆ ಮಡಚಿ ಜೇಬಿಗಿಟ್ಟುಕೊಂಡ.

ವಾರದ ನಂತರ ಹೋದರೆ ಮನೆಯನ್ನು ಅವನೇ ಜೋಡಿಸಿ ಇಟ್ಟಿದ್ದ. ಹೆಂಚಿನ ಗೆರೆಗಳು, ಕಲ್ಲಿನ ಸಂದುಗಳು, ಕಿಟಕಿಯ ಸರಳು, ಎಲ್ಲ ನನ್ನ ಮನಸ್ಸಿನಲ್ಲಿದ್ದಂತೆಯೇ. ನನ್ನ ಕಣ್ಣು ತುಂಬಿತು. ಅವನು ಡಬ್ಬಿಯಿಂದ ಒಂದು ಪುಟ್ಟ ಮನುಷ್ಯನ ಗೊಂಬೆ ತೆಗೆದು ಬಾಗಿಲಿನಲ್ಲಿ ನಿಲ್ಲಿಸಿದ. ಎರಡು ಸೆಂಟಿಮೀಟರಿನ ಗೊಂಬೆ, ನಿಜದಲ್ಲಿ ಐದಡಿ ಎಂಟಂಗುಲದ ಆಳು. ಅವನ ತಲೆ ಬಾಗಿಲಿನ ಅರ್ಧಕ್ಕೂ ಬರಲಿಲ್ಲ.

"ಇದೇನೋ ಕಲ್ಯಾಣ ಮಂಟಪ ಆಗೋಯ್ತಲ್ಲೋ" ಅಂದೆ.

"ಹೌದು ಮಿಸ್."

"ಮೊದಲೇ ಹೇಳೋದಲ್ವಾ?"

"ನಿಮ್ಮ ಲೆಕ್ಕ ತಪ್ಪು ಅಂತ ನಾನ್ ಹೆಂಗ್ ಹೇಳ್ಲಿ ಮಿಸ್?" ಎಂದು ತಲೆ ತಗ್ಗಿಸಿದ. ಆಮೇಲೆ ಮೆಲ್ಲಗೆ, "ಆವಾಗ ನೀವು ಎಷ್ಟು ಎತ್ತರ ಇದ್ರಿ?" ಎಂದು ಕೇಳಿದ. ಇಷ್ಟು ವರ್ಷ ಆ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಾನು ಆ ಮನೆಯನ್ನು ಅಳೆದಿದ್ದು ಒಂಬತ್ತು ವರ್ಷದ ಹುಡುಗಿಯ ಕಣ್ಣಿನಿಂದ.

ಗೇಟ್ ಮನೆಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಕಟ್ಟಿರುತ್ತಾರೆ ಎಂದು ಅವನಿಗೆ ಅವನ ಗಿರಾಕಿಯೊಬ್ಬರು ಹೇಳಿದ್ದರಂತೆ. ನಮ್ಮದರ ಪಕ್ಕದ ಗೇಟಿನ ಮನೆ ಇನ್ನೂ ಉಳಿದಿತ್ತು. ಒಂದು ಭಾನುವಾರ ಅವನ ಸ್ಕೂಟರಿನ ಹಿಂದೆ ಕೂತು ಹೋದೆ. ಟೇಪು ಬಿಚ್ಚಿದ್ದೇ ತಡ, ಆ ಮನೆಯಲ್ಲಿ ಹುಲ್ಲು ತುಂಬಿಕೊಂಡಿದ್ದ ಹೆಂಗಸು ಓಡಿ ಬಂದಳು. "ಏನಮ್ಮಾ, ರೋಡಿಗೆ ಹೋಗುತ್ತಾ? ನಮ್ ಹೊಲಾನೂ ಸೇರುತ್ತಾ?" ನಮ್ಮ ಕಡೆ ಟೇಪು ಹಿಡಿದು ಯಾರೇ ಬಂದರೂ ಜನರ ಎದೆ ಹೊಡೆದುಕೊಳ್ಳುತ್ತದೆ. ಇಲ್ಲಮ್ಮ, ಆಟದ ಮನೆ ಮಾಡೋಕೆ ಎಂದು ಹೇಳಿದೆ. ನನ್ನ ನರೆಗೂದಲನ್ನೊಮ್ಮೆ, ಇಮ್ತಿಯಾಜನ ಗಡ್ಡವನ್ನೊಮ್ಮೆ ನೋಡಿದಳು. ನಂಬಲಿಲ್ಲ, ಆದರೂ ಹುಲ್ಲು ಸರಿಸಿ ಜಾಗ ಮಾಡಿಕೊಟ್ಟಳು.

ಹೊರಗಡೆ ಹನ್ನೆರಡು ಅಡಿಗೆ ಹತ್ತು. "ಗೋಡೆ ಒಂದೊಂದಡಿ ದಪ್ಪ ಇದೆ ಮಿಸ್, ಒಳಗೂ ಅಳೀಬೇಕು" ಅಂದ. ಒಳಗಡೆ ಹತ್ತಕ್ಕೆ ಎಂಟು. ಬಾಗಿಲು ದಾಟುವಾಗ ನನ್ನ ಹಣೆಗೆ ಮೇಲಿನ ಕಲ್ಲು ತಾಗಿತು. ಅಪ್ಪ ನನಗಿಂತ ಒಂದು ಗೇಣು ಎತ್ತರ. ಒಳಗೆ ಬರುವಾಗಲೆಲ್ಲ ತಲೆ ಬಾಗಿಸುತ್ತಿದ್ದ. ಎದುರಿಗೆ ದೇವರ ಪಟ ಇತ್ತಲ್ಲ, ಅದಕ್ಕೆ ನಮಸ್ಕಾರ ಮಾಡುತ್ತಾನೆ ಎಂದುಕೊಂಡಿದ್ದೆ.

ಎರಡನೇ ಕಿಟ್ಟನ್ನು ನಾನೇ ಜೋಡಿಸಿದೆ. ಹಾಳೆಯಿಂದ ತುಂಡುಗಳನ್ನು ಕೀಳಬಾರದು, ಬ್ಲೇಡಿನಿಂದ ಬಿಡಿಸಬೇಕು ಎಂದು ಇಮ್ತಿಯಾಜ್ ಹೇಳಿಕೊಟ್ಟಿದ್ದ. ಎರಡು ಕಿಟಕಿ ಮುರಿದೆ, ಬೆರಳಿಗೆ ಬೆರಳು ಅಂಟಿಸಿಕೊಂಡೆ. ಕೊನೆಗೆ ನಿಂತ ಮನೆ ಬೆಂಕಿಪೊಟ್ಟಣದಷ್ಟೂ ಇರಲಿಲ್ಲ. ಮಾಡು ಅಂಟಿಸುವ ಮೊದಲು ಒಳಗೆ ಖಾಲಿ ಖಾಲಿ ಕಂಡಿತು. ಗ್ರಾಫ್ ಹಾಳೆಯಲ್ಲಿ ಚಾಪೆಗಳನ್ನು ಕತ್ತರಿಸಿದೆ. ಆರಡಿ ಉದ್ದ, ಎರಡೂವರೆ ಅಡಿ ಅಗಲ, ಎಂಬತ್ತೇಳಕ್ಕೆ ಒಂದು. ಐದು ಚಾಪೆ. ಕಾಲ ಕಡೆ ಎರಡಡಿ ಒಲೆಗೆ, ಕೊಡಗಳಿಗೆ, ಟ್ರಂಕಿಗೆ ಬೇಕು. ಉಳಿದ ಜಾಗದಲ್ಲಿ ಚಿಮುಟದಿಂದ ಒಂದೊಂದಾಗಿ ಹಾಸಿದೆ. ಅಜ್ಜಿ, ಅಮ್ಮ, ನಾನು, ಅಣ್ಣ. ಗೋಡೆಯಿಂದ ಗೋಡೆಗೆ ಸರಿಯಾಗಿ ಕೂತಿತು. ಐದನೆಯದು ಚಿಮುಟದಲ್ಲೇ ಉಳಿಯಿತು.

ಅಡ್ಡ ಹಾಕಿ ನೋಡಿದೆ, ಟ್ರಂಕು ತೆಗೆದು ನೋಡಿದೆ. ಜೀವಮಾನವೆಲ್ಲ ಕಪ್ಪು ಹಲಗೆಯ ಮೇಲೆ ವಿಸ್ತೀರ್ಣ ಕಲಿಸಿದವಳು ನಾನು. ಈ ಲೆಕ್ಕ ಮಾಡಲು ಅರವತ್ತು ವರ್ಷ ಬೇಕಾಯಿತು.

ಸಮೇತನಹಳ್ಳಿಯಲ್ಲಿರುವ ಅಣ್ಣನಿಗೆ ಫೋನ್ ಮಾಡಿದೆ. ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ, "ಮೊದ್ಲು ಅಪ್ಪ ಒಳಗೇ ಮಲಗ್ತಿದ್ದ ಕಣೇ. ಆಗ ನಾನು ಅಜ್ಜಿ ಚಾಪೇಲಿ, ನೀನು ಅಮ್ಮನ ಚಾಪೇಲಿ. ಏಳನೇ ಕ್ಲಾಸಲ್ಲಿ ನಾನು ಒಂದೇ ಸಲ ಉದ್ದ ಆದೆ ನೋಡು, ನೀನೂ ಅಮ್ಮನ ಚಾಪೇಲಿ ಹಿಡೀಲಿಲ್ಲ, ಆಮೇಲೆ ಅವನಿಗೆ ಸೆಕೆ ಶುರುವಾಯ್ತು" ಅಂದ.

ನಾನು ಫೋನ್ ಹಿಡಿದುಕೊಂಡೇ ಅತ್ತೆ. ದುಃಖಕ್ಕಲ್ಲ. ಅಪ್ಪನಿಗೆ ಇಷ್ಟು ದಿನ ಒಂದು ಕೃತಜ್ಞತೆಯನ್ನೂ ಹೇಳಿರಲಿಲ್ಲ, ಈಗ ಹೇಳಲು ಒಂದು ಜಾಗ ಸಿಕ್ಕಿತ್ತು. ಮತ್ತು ಇಮ್ತಿಯಾಜನಿಗೂ. ಮರುದಿನ ಅಂಗಡಿಗೆ ಹೋಗಿ, "ಅವತ್ತು ತರಗತಿಯಲ್ಲಿ ನಾನು ಅಂದಿದ್ದು ತಪ್ಪಪ್ಪಾ" ಎಂದೆ. "ಯಾವತ್ತು ಮಿಸ್?" ಅಂದ. ಅವನಿಗೆ ಚೆನ್ನಾಗಿ ನೆನಪಿತ್ತು ಎಂದು ಅವನ ಕಿವಿ ಕೆಂಪಾದದ್ದರಲ್ಲೇ ಗೊತ್ತಾಯಿತು.

ಕಳೆದ ವಾರ ಅಣ್ಣ ಬಂದಿದ್ದ. ಎರಡು ಮನೆಗಳನ್ನೂ ಅಕ್ಕಪಕ್ಕ ಇಟ್ಟು ತೋರಿಸಿದೆ. ಕನ್ನಡಕ ಏರಿಸಿಕೊಂಡು ಚಿಕ್ಕದನ್ನು ನೋಡಿದ, ನಾನು ಹೊರಗಿನ ಬೆಂಚಿನ ಮೇಲೆ ಹಾಸಿದ್ದ ಐದನೇ ಚಾಪೆಯನ್ನು ನೋಡಿದ. ಆಮೇಲೆ ದೊಡ್ಡದರ ಮುಂದೆ ಕೂತು, "ನಂಗೂ ಇಂಥದ್ದೊಂದು ಮಾಡಿಸ್ಕೊಡೇ" ಅಂದ.

"ಅದು ತಪ್ಪು ಅಳತೆ ಕಣೋ ಅಣ್ಣ."

"ಗೊತ್ತು. ಆದ್ರೆ ನಾವು ಬೆಳೆದಿದ್ದು ಇದರಲ್ಲೇ ಅಲ್ವೇ?"

ಅದಕ್ಕೇ ಈ ಪೆಟ್ಟಿಗೆ. ರೈಲ್ವೆಯವರು ಅಪ್ಪನಿಗೆ ಕೊಟ್ಟದ್ದು ಬೆಂಕಿಪೊಟ್ಟಣದಂಥ ಮನೆ. ಅಪ್ಪ ನಮಗೆ ಕೊಟ್ಟದ್ದು ಇದು, ಇಪ್ಪತ್ತನಾಲ್ಕು ಅಡಿಗೆ ಇಪ್ಪತ್ತು.

ತುಂಡುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ಹೊರಗೆ ಮಾಗಿಯ ಗಾಳಿ. ಎದ್ದು ಹೋಗಿ ಕೋಣೆಯ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಿದೆ. ಯಜಮಾನರು ಪೇಪರಿನಿಂದ ತಲೆ ಎತ್ತಿ, "ಯಾಕೆ, ವಂಶಕ್ಕೆ ಗಾಳಿ ಸಾಕಾಯ್ತಾ?" ಎಂದು ಕೇಳಿದರು.

"ಚಳಿ ಆಗ್ತಿದೆ ಕಣ್ರೀ" ಅಂದೆ. ಅವರು ಮಫ್ಲರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿದರು.