ವೆಂಕಟಲಕ್ಷ್ಮಮ್ಮನ ಜಾಜಿ

ಆರ್‌ಪಿಸಿ ಲೇಔಟಿನ ಆ ಅಡ್ಡರಸ್ತೆಯಲ್ಲಿ ವೆಂಕಟಲಕ್ಷ್ಮಮ್ಮನ ಮನೆಗೆ ಯಾರೂ ನಂಬರು ಕೇಳಿಕೊಂಡು ಬರುತ್ತಿರಲಿಲ್ಲ. ಗೇಟಿನ ಕಬ್ಬಿಣದ ಕಮಾನಿನ ತುಂಬ ಜಾಜಿ, ಕಾಂಪೌಂಡಿನ ಉದ್ದಕ್ಕೂ ಸೂಜಿಮಲ್ಲಿಗೆ, ಹಿತ್ತಲ ಮೂಲೆಯಲ್ಲಿ ಮನೋರಂಜಿತ. ಗಂಡ ಉಗ್ರಪ್ಪ ಸ್ಕೂಟರ್ ನಿಲ್ಲಿಸಲೆಂದು ಬಿಟ್ಟಿದ್ದ ಜಾಗವನ್ನೂ ಆಕೆ ಬಳ್ಳಿಗಳಿಗೆ ಕೊಟ್ಟುಬಿಟ್ಟಿದ್ದಳು. ಸ್ಕೂಟರ್ ಬಿಸಿಲಿನಲ್ಲಿ ನಿಲ್ಲುತ್ತಿತ್ತು.

ಸಂಜೆ ನೀರು ಹಾಕಿ, ಕೈಕಾಲು ತೊಳೆದು ಬಾಗಿಲ ಮೆಟ್ಟಿಲ ಮೇಲೆ ಕೂರುವಳು. ಜಾಜಿಮೊಗ್ಗು ಬಿರಿಯುವ ಹೊತ್ತದು. ಮೊದಲು ಸಣ್ಣಗೆ, ಆಮೇಲೆ ಒಮ್ಮೆಲೇ ಬರುವ ಆ ಘಮಕ್ಕೆ ಕಣ್ಣು ಮುಚ್ಚಿ ಕೂತಳೆಂದರೆ ಒಳಗೆ ಕುಕ್ಕರ್ ಕೂಗಿದರೂ ಏಳುತ್ತಿರಲಿಲ್ಲ.

"ಇವತ್ತೂ ಹೂವೇ ಊಟಾನಾ?" ಎಂದು ಉಗ್ರಪ್ಪನೇ ಹೋಗಿ ಒಲೆ ಆರಿಸುತ್ತಿದ್ದ.

ಎರಡು ಸಾವಿರದ ಐದರ ಮಳೆಗಾಲದಲ್ಲಿ ವಿಜಯನಗರದ ಸ್ಟಾಪಿನಲ್ಲಿ ಬಸ್ಸಿಳಿಯುವಾಗ ಆಕೆಯ ಕಾಲು ಜಾರಿತು. ಹಿಂದಲೆ ಫುಟ್‌ಪಾತಿನ ಕಲ್ಲಿಗೆ ಬಡಿಯಿತು. ಹೊಲಿಗೆ ಹಾಕಿಸಿಕೊಂಡು ಬಂದಳು, ಗಾಯ ಮಾಯಿತು. ಎಲ್ಲರೂ ದೇವರು ದೊಡ್ಡವನು ಎಂದರು.

ಒಂದು ಬೆಳಿಗ್ಗೆ ಹಾಲು ಸೀದು ಹೊತ್ತಿತು. ಪಕ್ಕದ ಕೋಣೆಯಲ್ಲೇ ಬಟ್ಟೆ ಮಡಿಸುತ್ತಿದ್ದ ಆಕೆಗೆ ಗೊತ್ತೇ ಆಗಲಿಲ್ಲ. ಹೊರಗಿದ್ದ ಉಗ್ರಪ್ಪ ಓಡಿಬಂದ. ಅವತ್ತು ಸಂಜೆ ಆಕೆ ಬೊಗಸೆ ತುಂಬ ಜಾಜಿ ಬಿಡಿಸಿ ಮುಖಕ್ಕೆ ಒತ್ತಿಕೊಂಡಳು.

"ರೀ, ಈ ವರ್ಷ ಜಾಜಿಗೆ ವಾಸನೇನೇ ಇಲ್ಲ ಅಲ್ವಾ?"

ಘಮಕ್ಕೆ ಉಗ್ರಪ್ಪನ ತಲೆ ತಿರುಗುವಂತಿತ್ತು. "ಸ್ವಲ್ಪ ಕಮ್ಮಿ ಕಣೇ," ಎಂದ.

ಆ ಮಾತು ಆಕೆಗೆ ನಂಬಿಕೆಯಾಗಲಿಲ್ಲ. ಮೂಗಿನ ಡಾಕ್ಟರು ಸ್ಪಿರಿಟ್, ಕರ್ಪೂರ, ಕಾಫಿಪುಡಿ ಹಿಡಿದು ನೋಡಿದರು. ತಲೆಗೆ ಬಿದ್ದ ಪೆಟ್ಟಿನಿಂದ ವಾಸನೆಯ ನರ ಹರಿದಿದೆ, ಒಂದು ವರ್ಷದೊಳಗೆ ಬಂದರೆ ಬಂತು ಎಂದರು.

"ಆಮೇಲೆ ಸಾರ್?"

"ಆಮೇಲೆ ಕಷ್ಟ ಅಮ್ಮಾ. ಅಭ್ಯಾಸ ಮಾಡ್ಕೋಬೇಕು."

ಆ ವರ್ಷ ಆಕೆ ಬಳ್ಳಿಗಳಿಗೆ ಒಂದು ದಿನವೂ ನೀರು ತಪ್ಪಿಸಲಿಲ್ಲ. ಸಂಜೆ ಮೆಟ್ಟಿಲ ಮೇಲೆ ಕೂತು ಕಾದಳು. ಸಾರಿಗೆ ರುಚಿ ಇಲ್ಲವಾಯಿತು. ಉಪ್ಪು, ಹುಳಿ, ಖಾರ ನಾಲಿಗೆಗೆ ಬೇರೆಬೇರೆಯಾಗಿ ಚುಚ್ಚುತ್ತಿದ್ದವು ಅಷ್ಟೆ. ಮೈ ನಾರುತ್ತಿದೆಯೇನೋ ಎಂಬ ಹೆದರಿಕೆಯಿಂದ ಹೊತ್ತಲ್ಲದ ಹೊತ್ತಿನಲ್ಲಿ ಸ್ನಾನ ಮಾಡುವಳು. ಮನೋರಂಜಿತದ ಹೂ ಹಿಡಿದು ಯಾವ ಹಣ್ಣು ನೆನೆದರೆ ಅದರ ವಾಸನೆ ಬರುತ್ತದೆ ಎಂದು ಅವಳಮ್ಮ ಹೇಳುತ್ತಿದ್ದಳು. ಆಕೆ ಹೂ ಹಿಡಿದು ಹಲಸನ್ನು ನೆನೆದಳು. ತೊಳೆಯ ಬಣ್ಣ, ಕೈಗಂಟುವ ಮೇಣ, ಎಲ್ಲ ನೆನಪಾಯಿತು. ವಾಸನೆ ಹೇಗಿತ್ತೆಂಬುದೇ ಮರೆತುಹೋಗಿತ್ತು.

ವರ್ಷ ಕಳೆದ ಮೇಲೆ ಮಗಳು ಹೇಮಾವತಿ ಹೆರಿಗೆಗೆ ಬಂದಳು. ಹೆಣ್ಣು ಕೂಸು. ಬಾಣಂತನವನ್ನೆಲ್ಲ ವೆಂಕಟಲಕ್ಷ್ಮಮ್ಮನೇ ಮಾಡಿದಳು. ಒಂದು ದಿನ ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕೂಸನ್ನು ಸುತ್ತಿ ಮಗಳ ಕೈಗೆ ಕೊಟ್ಟಳು. ಹೇಮಾವತಿ ಅದರ ನೆತ್ತಿಗೆ ಮೂಗು ತಾಗಿಸಿ, "ಅಮ್ಮಾ, ಎಷ್ಟ್ ಚೆನ್ನಾಗಿದೆ ನೋಡು ಇವಳ ವಾಸನೆ," ಎಂದವಳು ಆಡಿದ ಮೇಲೆ ತುಟಿ ಕಚ್ಚಿಕೊಂಡಳು.

"ಕೊಡು ಇಲ್ಲಿ." ವೆಂಕಟಲಕ್ಷ್ಮಮ್ಮ ಕೂಸನ್ನು ಎತ್ತಿಕೊಂಡು ನೆತ್ತಿ, ಕತ್ತು, ಅಂಗೈಗಳಲ್ಲೆಲ್ಲ ಮೂಗಿಟ್ಟು ಉಸಿರೆಳೆದಳು. ಬಿಸಿಯಿತ್ತು, ಮೆತ್ತಗಿತ್ತು. ಬೇರೇನೂ ಇರಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಬೆಚ್ಚನೆಯ ಏನನ್ನೋ ಹಿಡಿದ ಹಾಗಿತ್ತು. ಆ ಹೋಲಿಕೆ ತನ್ನ ಮನಸ್ಸಿಗೆ ಬಂದದ್ದಕ್ಕೇ ಆಕೆಗೆ ಭಯವಾಯಿತು. ಕೂಸು ಅಳತೊಡಗಿದಾಗ ವಾಪಸು ಕೊಟ್ಟಳು.

ಅವತ್ತು ಸಂಜೆ ರಸ್ತೆಯಲ್ಲಿ ಹೋಗುತ್ತಿದ್ದ ಹುಡುಗಿಯರಿಬ್ಬರು ಗೇಟಿನ ಬಳಿ ನಿಂತರು. "ಆಂಟಿ, ಏನ್ ಘಮ ಆಂಟಿ! ಸ್ವಲ್ಪ ಕಿತ್ಕೊಳ್ಲಾ?"

"ಎಲ್ಲಾ ಕಿತ್ಕೊಳ್ಳಿ," ಎಂದಳು ವೆಂಕಟಲಕ್ಷ್ಮಮ್ಮ. ಅವರು ಹೋದ ಮೇಲೆ ಒಳಗಿಂದ ಮಚ್ಚು ತಂದಳು.

ಉಗ್ರಪ್ಪ ಅಡ್ಡ ಬಂದ. "ಬೇಡ ಕಣೇ. ನೀನೇ ಸಾಕಿದ್ದು."

"ದಿನಾ ಹೇಳ್ತೀರಲ್ಲ, ಇವತ್ತು ಜೋರಾಗಿದೆ, ಇವತ್ತು ಕಮ್ಮಿ ಇದೆ ಅಂತ. ನನಗೆ ಕೇಳೋಕಾಗಲ್ಲ ರೀ. ನನ್ನ ಮನೆ ಬಾಗ್ಲಲ್ಲಿ ನಾನೇ ಹೊರಗಿನವಳಾಗ್ಬಿಟ್ಟಿದೀನಿ."

ಅವನು ಪಕ್ಕಕ್ಕೆ ಸರಿದ. ಜಾಜಿಯ ಬುಡ ಆಕೆಯ ಮಣಿಕಟ್ಟಿಗಿಂತ ದಪ್ಪವಿತ್ತು. ಕಡಿಯಲು ಬಹಳ ಹೊತ್ತು ಹಿಡಿಯಿತು. ಕಡಿದು ಮುಗಿದ ಮೇಲೂ ಮೇಲಿನ ಮೊಗ್ಗುಗಳು ಎಂದಿನಂತೆ ಬಿರಿದವು. ಉಗ್ರಪ್ಪ ಅದನ್ನು ಹೇಳಲಿಲ್ಲ.

ಒಣಗಿದ ಬಳ್ಳಿಯನ್ನು ಕಮಾನಿನಿಂದ ಬಿಡಿಸುವ ಕೆಲಸ ಅವನ ಪಾಲಿಗೆ ಬಂತು. ಮಗಳು ಕೂಸನ್ನು ಕರೆದುಕೊಂಡು ಗಂಡನ ಮನೆಗೆ ಹೋದಳು. ವೆಂಕಟಲಕ್ಷ್ಮಮ್ಮ ಸಂಜೆ ಮೆಟ್ಟಿಲ ಮೇಲೆ ಕೂರುವುದನ್ನು ಬಿಟ್ಟಳು. ದೀಪ ಹಚ್ಚಿ ಬಾಗಿಲು ಹಾಕಿಕೊಂಡು ಟೀವಿ ಮುಂದೆ ಕೂರುವಳು. ಏನು ಬರುತ್ತಿದೆ ಎಂದು ಕೇಳಿದರೆ ಹೇಳಲು ತಿಳಿಯುತ್ತಿರಲಿಲ್ಲ.

ಜಾಜಿ ಏನಾಯಿತೆಂದು ನೆರೆಯವರು ಕೇಳಿದಾಗಲೆಲ್ಲ, "ಗೆದ್ದಲು ಹತ್ತಿತು," ಎನ್ನುತ್ತಿದ್ದಳು. ಪಕ್ಕದಲ್ಲಿ ನಿಂತ ಉಗ್ರಪ್ಪ ಹೌದೆಂದು ತಲೆಯಾಡಿಸುತ್ತಿದ್ದ.