ಹಮೀದಾಕನ ವಿಮಾನದಲ್ಲಿ ಬಂದ ಸ್ವರ

ನಾನು ಇಂಥದ್ದನ್ನು ನಂಬುವವನಾಗಿರಲಿಲ್ಲ. ಯಾರಾದರೂ ದೆವ್ವದ ಕಥೆ ಹೇಳಿದರೆ ಮರುದಿನ ಅವರದೇ ಸ್ವರದಲ್ಲಿ ಅದನ್ನು ಪಾಣೆಮಂಗಳೂರು ಪೇಟೆಗೆಲ್ಲ ಹೇಳಿ ನಗಿಸುತ್ತಿದ್ದೆ. ಈಗ ನನ್ನ ಸರದಿ. ನೀವು ನಗಬಹುದು, ನಿಮ್ಮ ಜಾಗದಲ್ಲಿ ನಾನಿದ್ದರೆ ಖಂಡಿತ ನಗುತ್ತಿದ್ದೆ.

ನಾಲ್ಕು ವರ್ಷಗಳ ಹಿಂದೆ ನಮ್ಮ ನೆರೆಮನೆಯ ಹಿರಿಯರಾದ ಹಮೀದಾಕನಿಗೆ ಒಂದು ಹಳೆಯ ವಿಮಾನ ಬೇಕಾಯಿತು. ಹಾರಿಸುವುದಕ್ಕಲ್ಲ. ದುಬೈಯಲ್ಲಿ ಇಪ್ಪತ್ತು ವರ್ಷ ದುಡಿದು ಬಂದ ಅವರಿಗೆ, ಅದನ್ನು ಮಡಂತ್ಯಾರಿನಲ್ಲಿ ರಸ್ತೆ ಬದಿಗೆ ನಿಲ್ಲಿಸಿ ಒಳಗೆ ಹೋಟೆಲು ಮಾಡುವ ಆಸೆ. ಮೂಡುಬಿದಿರೆಯ ಗುಜರಿ ವ್ಯಾಪಾರಿಯೊಬ್ಬನ ಹತ್ತಿರ ಹತ್ತು ಸೀಟಿನದೊಂದು ಇತ್ತು.

"ಅದರಲ್ಲಿ ಯಾರಾದರೂ ಸತ್ತಿದ್ದರೆ ನಮ್ಮ ಊರಿನವರು ಒಳಗೆ ಕೂತು ಚಾ ಕುಡಿಯುದಿಲ್ಲ ಮಾರಾಯ. ನನ್ನ ಇಪ್ಪತ್ತು ವರ್ಷ ನೀರಿಗೆ ಹೋಗ್ತದೆ," ಎಂದು ಹಮೀದಾಕ ನನ್ನನ್ನು ದಾಖಲೆ ಓದಲು ಕರೆದುಕೊಂಡು ಹೋದರು. ನನ್ನ ಇಂಗ್ಲಿಷಿನ ಮೇಲೆ ನನಗಿಲ್ಲದ ನಂಬಿಕೆ ಅವರಿಗಿತ್ತು.

ಲಾಗ್‌ಬುಕ್ಕಿನಲ್ಲಿ ಹಾರಾಟ, ರಿಪೇರಿ ಎಲ್ಲ ಇತ್ತು. ಅಪಘಾತ ಒಂದೂ ಇರಲಿಲ್ಲ. ಆದರೂ ಹಮೀದಾಕ ಹಳೆ ಕಾರು ನೋಡುವವರಂತೆ ಬಾಗಿಲಿನ ರಬ್ಬರು ಎಳೆದು, ಅಪಘಾತ ಮುಚ್ಚಿಟ್ಟ ಬೆಸುಗೆ ಏನಾದರೂ ಇದೆಯಾ ಎಂದು ಹುಡುಕಿದರು.

"ಅದಕ್ಕೆ ಬೆಸುಗೆ ಅಲ್ಲ, ರಿವೆಟ್ ಮೊಳೆ," ಎಂದರು ವಾಮದಪದವಿನ ಫೆಲಿಕ್ಸಣ್ಣ. ಇದೇ ವಿಮಾನದ ಮೆಕ್ಯಾನಿಕ್ ಆಗಿದ್ದ ಅವರನ್ನು ವ್ಯಾಪಾರಿ ಸಾಕ್ಷಿಗೆಂದು ಕರೆಸಿದ್ದ. "ಆಕ್ಸಿಡೆಂಟ್ ಆಗಲಿಲ್ಲ" ಎಂದಷ್ಟೇ ಹೇಳಿ ಹೊರಗೆ ನಿಂತಿದ್ದರು.

ಆಗ ಮಧ್ಯಾಹ್ನ ಮೂರು ಗಂಟೆ. ನಾನು ಪೈಲಟ್ ಸೀಟಿನಲ್ಲಿ ಕೂತು ವ್ಯಾಪಾರಿಯ ಸ್ವರ, ಹಮೀದಾಕನ ಸ್ವರ ಎರಡನ್ನೂ ಮಾಡಿ ಮುಗಿಸಿದ್ದೆ.

"ಇನ್ನು ಪೈಲಟ್‌ನದ್ದು ಒಂದು ಆಗಲಿ," ಎಂದರು ಹಮೀದಾಕ.

ಮೂಗಿನಲ್ಲಿ ಇಂಗ್ಲಿಷ್ ಮಾತಾಡೋಣವೆಂದು ಬಾಯಿ ತೆರೆದೆ. ಬಂದದ್ದು ಬೇರೆ, ವಯಸ್ಸಾದ ದಣಿದ ಸ್ವರ: "ಫೆಲ್ಲಿ, ಇವತ್ತು ನೀನು ಬರುದು ಬೇಡ. ಇಳಿ."

ಫೆಲಿಕ್ಸಣ್ಣ ಕಿಟಕಿಯ ಹತ್ತಿರ ಬಂದರು. "ಅದು ನಿನಗೆ ಯಾರು ಹೇಳಿದ್ದು?"

ನಾನು ಸೀಟು ಬಿಟ್ಟು ಎದ್ದೆ. ಆಮೇಲೆ ಅವರೇ ಹೇಳಿದರು. ಅವರನ್ನು ಫೆಲ್ಲಿ ಎಂದು ಕರೆಯುತ್ತಿದ್ದವರು ಈ ವಿಮಾನ ಹಾರಿಸುತ್ತಿದ್ದ ಮಂಗಳೂರಿನ ಕ್ಯಾಪ್ಟನ್ ಒಬ್ಬರೇ. ಒಂದು ದಿನ ಇದೇ ಮಾತು ಹೇಳಿ ಇವರನ್ನು ಇಳಿಸಿ ಹೋದರು. ಹೋಗಬೇಕಾದ ಊರು ಮುಟ್ಟಿ, ವಿಮಾನವನ್ನು ಸರಿಯಾಗಿ ಇಳಿಸಿ, ನಿಲ್ಲಿಸಿ, ಸೀಟಿನಲ್ಲೇ ತೀರಿಕೊಂಡರು. ಯಂತ್ರಕ್ಕೆ ಏನೂ ಆಗದ್ದರಿಂದ ಲಾಗ್‌ಬುಕ್ಕಿನಲ್ಲಿ ಅದು ಬರಲಿಲ್ಲ.

ಹಮೀದಾಕ ಹಿಂದಿನ ಸೀಟುಗಳನ್ನು ಒಂದೊಂದಾಗಿ ನೋಡಿದರು. "ಒಳಗೆ ಇದ್ದವರೆಲ್ಲ ಇಳಿದರಾ?"

"ನಡೆದುಕೊಂಡೇ ಇಳಿದರು."

"ಹಾಗಾದರೆ ತಗೊಳ್ತೇನೆ. ಕೇಳಿದವರಿಗೆ ಇದನ್ನೇ ಹೇಳ್ತೇನೆ."

ಹಾಗೇ ಹೇಳಿದರು. ಜನ ಬಂದರು, ಈಗಲೂ ಬರುತ್ತಾರೆ. ನನ್ನ ಲೆಕ್ಕ ಮಾತ್ರ ಸರಿಹೋಗಿಲ್ಲ. ಆ ಅಡ್ಡಹೆಸರನ್ನು ಎಲ್ಲೋ ಕೇಳಿರಬಹುದು ಎಂದುಕೊಳ್ಳುತ್ತೇನೆ. ಸ್ವರವನ್ನು ಎಲ್ಲಿ ಕೇಳಿದೆ?

ಫೆಲಿಕ್ಸಣ್ಣ ವಾರಕ್ಕೊಮ್ಮೆ ನಾನಿರುವ ಹೊತ್ತು ನೋಡಿ ಹೋಟೆಲಿಗೆ ಬರುತ್ತಾರೆ. ನನ್ನ ಎದುರು ಕೂತು, "ಕ್ಯಾಪ್ಟನ್‌ರದ್ದು ಒಂದು ಸಲ ಮಾಡು ಮಗ," ಎನ್ನುತ್ತಾರೆ. ಮಾಡಿ ನೋಡುತ್ತೇನೆ. ಊರಿನವರೆಲ್ಲರ ಸ್ವರ ಬರುವ ಈ ಬಾಯಿಯಲ್ಲಿ ಆಗ ನನ್ನದೊಂದೇ ಬರುತ್ತದೆ. ಅವರು ಚಾ ಮುಗಿಯುವವರೆಗೆ ಕಾಯುತ್ತಾರೆ.

"ಇರಲಿ," ಎನ್ನುತ್ತಾರೆ, "ಬರುವ ವಾರ ನೋಡುವ."